ಕೆಂಪು ಧೂಳಿನ ಊರಿಗೆ ಯಾವ ಏರ್ ಇಂಟೇಕ್?

ಏಪ್ರಿಲ್ ಕೊನೆಯ ಒಂದು ಭಾನುವಾರ, ಬಿಸಿಲು ಏರುವ ಮೊದಲೇ ಮನೆ ಮುಂದೆ ಕಾರಿನ ಬಾನೆಟ್ ಎತ್ತಿದೆ. ಏರ್ ಫಿಲ್ಟರಿನಿಂದ ಟರ್ಬೊಗೆ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರಕ್ಕೆ, ಹೋಗುವ ಪೈಪನ್ನು ಬಿಚ್ಚಿದೆ. ಅಪ್ಪನ ಹಳೆಯ ಬಿಳಿ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿ, ಪೈಪಿನ ಒಳಗೆ ಒಂದು ಸುತ್ತು ಒರೆಸಿದೆ. ಬಟ್ಟೆ ಕೆಂಪಾಗಿ ಬಂತು.

ಫಿಲ್ಟರಿಗಿಂತ ಮುಂಚಿನ ಪೈಪಾಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ಇದು ಫಿಲ್ಟರ್ ದಾಟಿದ ಮೇಲಿನ ಪೈಪು. ಇಲ್ಲಿಂದ ಒಂದು ಗೇಣು ಮುಂದೆ ಹೋದರೆ ಟರ್ಬೊದ ಫ್ಯಾನು. ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ತಿರುಗುವ ಪುಟ್ಟ ಅಲ್ಯೂಮಿನಿಯಂ ಚಕ್ರ ಅದು. ಐದು ತಿಂಗಳು ಅದಕ್ಕೆ ನಾನು ಅದಿರಿನ ಧೂಳು ತಿನ್ನಿಸಿದ್ದೆ. ಅವತ್ತು ನನಗೆ ತಿಂಡಿ ಸೇರಲಿಲ್ಲ.

ಬಳ್ಳಾರಿ, ಹೊಸಪೇಟೆ, ಸಂಡೂರು, ಕೊಪ್ಪಳ ಕಡೆ ಟರ್ಬೊ ಕಾರು ಓಡಿಸುವವರು ಇಂಟೇಕ್ (ಎಂಜಿನ್ನಿಗೆ ಗಾಳಿ ಒಯ್ಯುವ ಫಿಲ್ಟರ್, ಪೈಪು) ಬದಲಾಯಿಸುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನನ್ನದು 2020ರ ಪೋಲೊ. ಒಂದು ಲೀಟರ್ ಟಿಎಸ್‌ಐ ಎಂಜಿನ್, ಮೂರು ಸಿಲಿಂಡರ್, 110 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ತೋರಣಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಹೇಳಿಕೊಡುತ್ತೇನೆ. ದಿನಾ ಬಳ್ಳಾರಿಯಿಂದ ಹೋಗಿಬರಬೇಕು. ದಾರಿಯಲ್ಲಿ ಕುಡಿತಿನಿಯ ವಿದ್ಯುತ್ ಸ್ಥಾವರ, ಮುಂದೆ ಉಕ್ಕಿನ ಕಾರ್ಖಾನೆ, ಉದ್ದಕ್ಕೂ ಅದಿರಿನ ಲಾರಿಗಳು. ಲಾರಿಯ ಹಿಂದೆ ಸಿಕ್ಕಿಕೊಂಡರೆ ವೈಪರ್ ಹಾಕುವಷ್ಟು ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮೊದಲಿನ ದಿನಗಳನ್ನು ನೋಡಿದವರಿಗೆ ಇದು ಏನೂ ಅಲ್ಲ. ಆಗ ಈ ರಸ್ತೆ ಬದಿಯ ಬೇವಿನ ಮರಗಳ ಎಲೆಯೇ ಕೆಂಪಾಗಿತ್ತು. ಈಗ ಕಡಿಮೆ, ಆದರೆ ಇದೆ.

ಇಂಟೇಕ್ ಹಾಕಿಸಿದ್ದು ನವೆಂಬರಿನಲ್ಲಿ. ತೆರೆದ ಕೋನ್ ಫಿಲ್ಟರ್, ಎಣ್ಣೆ ಹಚ್ಚಿದ ಹತ್ತಿಬಟ್ಟೆಯದು, ಜೊತೆಗೆ ಒಂದು ಅಲ್ಯೂಮಿನಿಯಂ ಪೈಪು. 14,000 ರೂಪಾಯಿ. ನನ್ನ ತಮ್ಮ ತರಿಸಿದ. "ಅಕ್ಕಾ, ಒಮ್ಮೆ ಸೌಂಡ್ ಕೇಳು, ಆಮೇಲೆ ನೀನೇ ಬಿಡಂಗಿಲ್ಲ" ಅಂದ. ನಿಜ, ಬಿಡಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಟರ್ಬೊ ಸುಯ್ ಅನ್ನೋದು, ಕಾಲು ತೆಗೆದರೆ ಫುಸ್ ಅನ್ನೋದು. ಕಾರಿನ ಜೊತೆ ಬರುವ ಕಂಪನಿಯ ಪ್ಲಾಸ್ಟಿಕ್ ಫಿಲ್ಟರ್ ಬಾಕ್ಸ್ ಈ ಶಬ್ದವನ್ನೆಲ್ಲ ನುಂಗಿಬಿಡುತ್ತದೆ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಅದನ್ನು ಕೇಳುವ ಖುಷಿಯೇ ಬೇರೆ. ಕಾರು ಜಾಸ್ತಿ ಚುರುಕಾಗಿದೆ ಅಂತ ಗಟ್ಟಿಯಾಗಿ ನಂಬಿದ್ದೆ. ಕಿವಿ ಹೇಳಿದ್ದನ್ನು ಕಾಲು ನಂಬುತ್ತದೆ. ಅಳೆದು ನೋಡಿರಲಿಲ್ಲ, ಅದೇ ನನ್ನ ತಪ್ಪು. ಕೋನ್ ಮಾಡಿದ ಕಂಪನಿಯ ಹೆಸರು ಇಲ್ಲಿ ಬೇಡ. ಬೇರೆ ಊರಿನಲ್ಲಿ ಅದೇ ಫಿಲ್ಟರ್ ಚೆನ್ನಾಗಿ ನಡೆಯಬಹುದು.

ಕೆಂಪು ಬಟ್ಟೆ ನೋಡಿದ ಮೇಲೆ ಅಳೆಯಲೇಬೇಕು ಅನಿಸಿತು. ಎಂಟನೇ ಕ್ಲಾಸಿಗೆ ಒತ್ತಡದ ಪಾಠ ಮಾಡುವಾಗ ಯು ಆಕಾರದ ಪೈಪಿನಲ್ಲಿ ನೀರು ಹಾಕಿ ತೋರಿಸುತ್ತೇನೆ. ಒಂದು ಕಡೆಯಿಂದ ಬಾಯಲ್ಲಿ ಎಳೆದರೆ ಆ ಕಡೆ ನೀರು ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಎರಡರ ನಡುವಿನ ಅಂತರ 10 ಸೆಂಟಿಮೀಟರ್ ಇದ್ದರೆ, ಗಾಳಿಯ ಒತ್ತಡದ ಸುಮಾರು ನೂರನೇ ಒಂದು ಪಾಲು ಕಡಿಮೆಯಾಗಿದೆ ಅಂತ ಅರ್ಥ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಮನೆಯಲ್ಲಿತ್ತು. ಅದನ್ನೇ ಒಂದು ಹಲಗೆಗೆ ಕಟ್ಟಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿದೆ. ಕೋನ್ ಪೈಪಿನಲ್ಲಿ ರಬ್ಬರ್ ಮುಚ್ಚಿದ ಒಂದು ಸಣ್ಣ ನಿಪ್ಪಲ್ ಇತ್ತು, ಅದಕ್ಕೆ ಸಿಕ್ಕಿಸಿದೆ. ಕಂಪನಿ ಬಾಕ್ಸಿಗೆ ಗುಜರಿಯಿಂದ ಇನ್ನೊಂದು ಮುಚ್ಚಳ ತಂದು ತೂತು ಹಾಕಿದೆ. ನಮ್ಮ ಕಾರಿನ ಮುಚ್ಚಳ ಕೆಡಿಸೋಕೆ ಮನಸ್ಸು ಬರಲಿಲ್ಲ.

ಬೆಳಿಗ್ಗೆ ಐದೂವರೆಗೆ ಸಿರುಗುಪ್ಪ ರಸ್ತೆ. ನಾನು ಸ್ಟೀರಿಂಗಿನಲ್ಲಿ, ತಮ್ಮ ಹಿಂದಿನ ಸೀಟಿನಲ್ಲಿ ಹಲಗೆ ಹಿಡಿದುಕೊಂಡು. ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್, 5,000 ಆರ್‌ಪಿಎಂ ತನಕ. ನೀರು ಕುಣಿಯುತ್ತಿತ್ತು. ಅದಕ್ಕೇ ಒಂದೊಂದನ್ನು ಮೂರು ಸಲ ಓಡಿಸಿ ನಡುವಿನ ಅಂಕಿ ಬರೆದುಕೊಂಡೆವು. ಅಂತರ ಕಡಿಮೆ ಇದ್ದಷ್ಟೂ ಗಾಳಿಗೆ ಅಡ್ಡಿ ಕಡಿಮೆ. ಕೋನ್ ಹಾಕಿದಾಗ 9 ಸೆಂಟಿಮೀಟರ್. ಕಂಪನಿ ಬಾಕ್ಸಿನಲ್ಲಿ ಹೊಸ ಪೇಪರ್ ಫಿಲ್ಟರ್ ಹಾಕಿದಾಗ 19. ಅದೇ ಬಾಕ್ಸಿನಲ್ಲಿ ನವೆಂಬರಿನಲ್ಲಿ ಬಿಚ್ಚಿಟ್ಟಿದ್ದ ಹಳೆಯ ಫಿಲ್ಟರ್ ಹಾಕಿದಾಗ 31.

ಈ ಮೂರು ಅಂಕಿಗಳನ್ನು ನೋಡಿ ತಮ್ಮನೂ ಸುಮ್ಮನಾದ. ಹೊಸ ಪೇಪರಿನಿಂದ ಕೋನಿಗೆ ಹೋದರೆ ಸಿಗೋದು 10 ಸೆಂಟಿಮೀಟರ್. ಹಳೆಯ ಪೇಪರ್ ತೆಗೆದು ಹೊಸದು ಹಾಕಿದರೆ ಸಿಗೋದು 12. ನವೆಂಬರಿನಲ್ಲಿ ನನಗೆ ನಿಜವಾಗಿ ಏನಾದರೂ ಚುರುಕು ಕಂಡಿದ್ದರೆ, ಅರ್ಧಕ್ಕಿಂತ ಹೆಚ್ಚು ಪಾಲು ಕೊಳೆಯಾದ ಫಿಲ್ಟರ್ ಹೊರಗೆ ಬಂದದ್ದರಿಂದಲೇ. ಹೊಸ ಪೇಪರ್ ಫಿಲ್ಟರಿಗೆ ನಾನು ಕೊಟ್ಟಿದ್ದು 700 ರೂಪಾಯಿ.

ಇನ್ನೊಂದು ಮಾತಿದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನ ಗಾಳಿ ಎಷ್ಟು ತಳ್ಳುತ್ತದೋ ಅಷ್ಟೇ ಗಾಳಿ. ಟರ್ಬೊ ಕಾರಿನಲ್ಲಿ ಕಂಪ್ಯೂಟರು ಒಂದು ಗುರಿ ಇಟ್ಟುಕೊಂಡಿರುತ್ತದೆ, ಇಷ್ಟು ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ಬೇಕು ಅಂತ. ಫಿಲ್ಟರ್ ಗಾಳಿಗೆ ಸ್ವಲ್ಪ ಅಡ್ಡಿಯಾದರೆ ವೇಸ್ಟ್‌ಗೇಟನ್ನು, ಅಂದರೆ ಹೊಗೆಯನ್ನು ಟರ್ಬೊ ಬಿಟ್ಟು ಪಕ್ಕಕ್ಕೆ ಹರಿಸುವ ಬಾಗಿಲನ್ನು, ಇನ್ನಷ್ಟು ಮುಚ್ಚಿ, ಟರ್ಬೊವನ್ನು ಇನ್ನಷ್ಟು ತಿರುಗಿಸಿ ಆ ಗುರಿ ಮುಟ್ಟಿಸುತ್ತದೆ. ಹಾಗಾಗಿ ಟ್ಯೂನಿಂಗ್ ಮಾಡಿಸದ ಕಾರಿನಲ್ಲಿ ನೂರಕ್ಕೆ ಒಂದು ಪಾಲು ಒತ್ತಡ ಉಳಿಸಿದರೆ ಡ್ರೈವರಿಗೆ ಗೊತ್ತಾಗುವಂಥದ್ದು ಏನೂ ಸಿಗೋದಿಲ್ಲ. ದೊಡ್ಡ ಟರ್ಬೊ ಹಾಕಿಸಿ, ಇಸಿಯು (ಎಂಜಿನ್ನಿನ ಕಂಪ್ಯೂಟರು) ಟ್ಯೂನ್ ಮಾಡಿಸಿದವರ ಲೆಕ್ಕ ಬೇರೆ. ಅವರಿಗೆ ಗಾಳಿ ತುಂಬಾ ಜಾಸ್ತಿ ಬೇಕು, ಆಗ ಫಿಲ್ಟರಿನ ಗಾತ್ರ ನಿಜಕ್ಕೂ ಅಡ್ಡ ಬರುತ್ತದೆ.

ಬಿಸಿಯನ್ನೂ ಅಳೆದೆ. ಉದ್ದ ವೈರಿನ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಫಿಲ್ಟರಿನ ಬಾಯಿಗೆ ಕಟ್ಟಿದೆ. ಹೊರಗೆ 41 ಡಿಗ್ರಿ. ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿಗೆ ಕಾಯುವಾಗ ಕೋನ್ ಎಳೆದುಕೊಳ್ಳುತ್ತಿದ್ದ ಗಾಳಿ 68 ಡಿಗ್ರಿ! ಹೈವೇಯಲ್ಲಿ ಓಡುವಾಗ 49ಕ್ಕೆ ಇಳಿಯಿತು. ಕಂಪನಿ ಬಾಕ್ಸಿನಲ್ಲಿ ಅದೇ ಗೇಟಿನಲ್ಲಿ 52, ಹೈವೇಯಲ್ಲಿ 43. ಅದರ ಬಾಯಿ ಮುಂದಿನ ಗ್ರಿಲ್ ಹತ್ತಿರ ಇರುತ್ತದೆ, ಕೋನ್ ಎಂಜಿನ್ ಪಕ್ಕ ಬಿಸಿಯಲ್ಲೇ ಕೂತಿರುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸಾಂದ್ರತೆ ನೂರಕ್ಕೆ ಮೂರು ಪಾಲು ಕಡಿಮೆ. ಬಾಕ್ಸಿಗೆ ಹೋಲಿಸಿದರೆ ಗೇಟಿನಿಂದ ಹೊರಡುವಾಗ ಐದು ಪಾಲು ಕಳೆದುಕೊಂಡೆ, ಹೈವೇಯಲ್ಲಿ ಎರಡು. ಕೋನಿನಿಂದ ಗಳಿಸಿದ್ದು ಒಂದು. ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಒಂದಿಷ್ಟು ಬಿಸಿ ಇಳಿಸುತ್ತದೆ, ಆದರೆ ಅದನ್ನು ತಣ್ಣಗೆ ಮಾಡಲು ನಮ್ಮೂರಿನಲ್ಲಿ ಸಿಗೋದೂ 41 ಡಿಗ್ರಿ ಗಾಳಿಯೇ ಅಲ್ವಾ. ಒಳಗೆ ಹೋಗುವ ಗಾಳಿ ತೀರಾ ಬಿಸಿಯಾದರೆ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಉರಿಯೋದು) ಆಗಬಾರದು ಅಂತ ಕಂಪ್ಯೂಟರು ಕಿಡಿ ಹಚ್ಚುವ ಹೊತ್ತನ್ನು ತಡ ಮಾಡುತ್ತದೆ. ಆಗ ಕಾರು ಇನ್ನೂ ಮಂಕಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ನನ್ನನ್ನು ಕಾಡಿದ್ದು ಧೂಳೇ.

ಒಂದು ಲೀಟರ್ ಪೆಟ್ರೋಲ್ ಉರಿಯೋಕೆ ಸುಮಾರು 9,000 ಲೀಟರ್ ಗಾಳಿ ಬೇಕು. ನಾನು ದಿನಾ ಹೋಗಿಬರಲು ನಾಲ್ಕು ಲೀಟರ್ ಖರ್ಚು. ಅಂದರೆ 36,000 ಲೀಟರ್ ಗಾಳಿ, ಅದೂ ಅದಿರಿನ ಲಾರಿಗಳ ಹಿಂದಿನ ಗಾಳಿ, ಆ ಒಂದು ಫಿಲ್ಟರ್ ದಾಟಿ ಹೋಗಬೇಕು. ಫಿಲ್ಟರ್ ಡಬ್ಬಿಯ ಮೇಲೆ ಧೂಳು ತಡೆಯುವ ಶಕ್ತಿ ನೂರಕ್ಕೆ ಇಷ್ಟು ಅಂತ ಬರೆದಿರುತ್ತಾರೆ. ಐಎಸ್ಒ 5011 ಅನ್ನುವ ಪರೀಕ್ಷೆಯಲ್ಲಿ ಗೊತ್ತಾದ ಅಳತೆಯ ಧೂಳನ್ನು ಊದಿ ಇದನ್ನು ಅಳೆಯುತ್ತಾರೆ. ಒಂದು ಫಿಲ್ಟರ್ 99, ಇನ್ನೊಂದು 97 ಅಂದುಕೊಳ್ಳಿ. ಎರಡೇ ವ್ಯತ್ಯಾಸ ಅನಿಸುತ್ತದೆ. ಆದರೆ ಎಂಜಿನ್ ಕಡೆಯಿಂದ ಲೆಕ್ಕ ಹಾಕಿ. ನೂರು ಗ್ರಾಂ ಧೂಳಿನಲ್ಲಿ ಮೊದಲನೆಯದು ಒಳಗೆ ಬಿಡೋದು 1 ಗ್ರಾಂ, ಎರಡನೆಯದು 3 ಗ್ರಾಂ. ಮೂರು ಪಟ್ಟು! ಧೂಳೇ ಇಲ್ಲದ ಊರಿನಲ್ಲಿ ಮೂರು ಪಟ್ಟಾದರೂ ಕಡಿಮೆಯೇ. ಕುಡಿತಿನಿ ದಾರಿಯಲ್ಲಿ ಹಾಗಲ್ಲ.

ನನ್ನ ಕೋನಿನಲ್ಲಿ ಎರಡು ತೊಂದರೆ ಸೇರಿಕೊಂಡಿದ್ದವು. ಬಿಸಿಗೆ ಬಟ್ಟೆಯ ಎಣ್ಣೆ ಒಣಗಿತ್ತು. ಧೂಳು ಹಿಡಿಯೋದು ಆ ಎಣ್ಣೆಯೇ. ಇನ್ನೊಂದು, ಕೋನಿನ ರಬ್ಬರ್ ಬಾಯಿ ಪೈಪಿನ ಮೇಲೆ ಒಂದು ಕಡೆ ಸರಿಯಾಗಿ ಕೂತಿರಲಿಲ್ಲ. ನಮ್ಮ ಮೆಕ್ಯಾನಿಕ್ ಭಾಯಿ ಟಾರ್ಚ್ ಹಾಕಿ ತೋರಿಸಿದರು. "ಇಲ್ಲಿ ನೋಡ್ರಿ ಮೇಡಂ, ಒಂದು ಉಗುರು ಹೋಗೋವಷ್ಟು ಸಂದು ಐತಿ. ಫಿಲ್ಟರ್ ಎಷ್ಟು ಚಲೋ ಇದ್ರ ಏನು ಬಂತು?" ಎಣ್ಣೆ ಒಣಗಿದೆ ಅಂತ ಮತ್ತೆ ಜಾಸ್ತಿ ಹಚ್ಚಿದರೆ ಅದೂ ಕಷ್ಟ. ಪೈಪಿನಲ್ಲಿ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಕಾರುಗಳಲ್ಲಿ ಎಣ್ಣೆ ಹೋಗಿ ಅದರ ತಂತಿಗೆ ಅಂಟಿಕೊಳ್ಳುತ್ತದೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸಿರುಗುಪ್ಪ ಕಡೆ ಕಾಲುವೆ ನೀರಿನ ಭತ್ತದ ಗದ್ದೆ ನಮ್ಮದು. ಅಪ್ಪನ ಹಳೆಯ ಟ್ರ್ಯಾಕ್ಟರಿಗೆ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇತ್ತು. ಗಾಳಿ ಬಟ್ಟಲಿನ ಎಣ್ಣೆಗೆ ಬಡಿದು ತಿರುಗುವಾಗ ಧೂಳು ಎಣ್ಣೆಯಲ್ಲೇ ಉಳಿಯುತ್ತದೆ. ಸುಗ್ಗಿಯಲ್ಲಿ ಭತ್ತ ಒಕ್ಕುವಾಗ ಹೊಟ್ಟಿನ ಧೂಳಿಗೆ ಎದುರಿನವರ ಮುಖ ಕಾಣುತ್ತಿರಲಿಲ್ಲ. ಅಪ್ಪ ಎಷ್ಟೇ ದಣಿದಿರಲಿ, ರಾತ್ರಿ ಊಟಕ್ಕೆ ಕೂರುವ ಮೊದಲು ಆ ಬಟ್ಟಲು ಬಿಚ್ಚಿ, ಕೆಸರಾದ ಎಣ್ಣೆ ಚೆಲ್ಲಿ, ಡೀಸೆಲ್‌ನಲ್ಲಿ ತೊಳೆದು, ಗೆರೆಯವರೆಗೆ ಹೊಸ ಎಣ್ಣೆ ತುಂಬುತ್ತಿದ್ದರು. ಲಾಟೀನು ಹಿಡಿದು ನಿಲ್ಲೋದು ನನ್ನ ಕೆಲಸ. ಫೋನಿನಲ್ಲಿ ಅವರು ಬೈಯಲಿಲ್ಲ. "ಬಟ್ಟೆ ಒರೆಸಿ ನೋಡಿದೆಲ್ಲವ್ವ, ಅಷ್ಟು ಸಾಕು" ಅಂದರು.

ಈಗ ಕಂಪನಿ ಬಾಕ್ಸನ್ನೇ ವಾಪಸ್ ಹಾಕಿದ್ದೇನೆ. ಒಳಗೆ ಪೇಪರ್ ಫಿಲ್ಟರ್. ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಬದಲಾಯಿಸುತ್ತೇನೆ. ಫಿಲ್ಟರಿನ ಸುತ್ತಲಿನ ರಬ್ಬರ್ ಅಂಚು ಮಡಚಿಲ್ಲ ತಾನೇ, ಬಾಕ್ಸಿನ ಸ್ಕ್ರೂಗಳೆಲ್ಲ ಬಿಗಿಯಾಗಿವೆಯಾ ಅಂತ ನಾನೇ ನೋಡುತ್ತೇನೆ. ಪೇಪರ್ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆಸೋದು ನಿಲ್ಲಿಸಿದ್ದೇನೆ. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ.

ತಮ್ಮನ ಕಾರು ಟ್ಯೂನ್ ಮಾಡಿಸಿದ್ದು, ಅವನಿಗೆ ಇಂಟೇಕ್ ಬೇಕೇ ಬೇಕು. ಅವನಿಗೆ ಮುಚ್ಚಿದ ಬಾಕ್ಸಿನದನ್ನೇ ಹುಡುಕಿಸಿದೆ. ಎಣ್ಣೆ ಬೇಡದ ಒಣ ಫಿಲ್ಟರ್, ಪಾರದರ್ಶಕ ಮುಚ್ಚಳ, ಬಾಯಿ ಗ್ರಿಲ್ ಹಿಂದೆ ಎತ್ತರದಲ್ಲಿ. ಬಂಪರಿನ ಕೆಳಗೆ ಬಾಯಿ ಇರುವ ಕಿಟ್ಟುಗಳಿಗೆ ತಣ್ಣನೆ ಗಾಳಿ ಸಿಗೋದು ನಿಜ. ಆದರೆ ಒಂದು ಜೋರು ಮಳೆಗೆ ರೈಲ್ವೆ ಅಂಡರ್‌ಬ್ರಿಡ್ಜಿನಲ್ಲಿ ನೀರು ನಿಂತಾಗ ಅದರೊಳಗೆ ಕಾರು ಇಳಿಸಿದರೆ ಎಂಜಿನ್ ನೀರು ಕುಡಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಧೂಳು ತಡೆಯುವ ಪರೀಕ್ಷೆಯ ವರದಿ ಕೊಡದ ಕಂಪನಿಯ ಕಿಟ್ ಬೇಡ ಅಂತಲೂ ಹೇಳಿದೆ. ವಾರಂಟಿ ಇರುವ ಕಾರಾದರೆ ಮೊದಲು ಶೋರೂಮಿನಲ್ಲಿ ಕೇಳಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನೂ ಒಮ್ಮೆ ಓದಿ. ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ನಮೂದಿಸಿದ್ದಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ.

ಆ ಐದು ತಿಂಗಳಲ್ಲಿ ಒಳಗೆ ಹೋದ ಧೂಳು ಏನು ಮಾಡಿದೆ ಅನ್ನೋದು ಇನ್ನೂ ಗೊತ್ತಾಗಬೇಕು. ಭಾಯಿ ಟರ್ಬೊದ ಫ್ಯಾನಿನ ಅಂಚುಗಳನ್ನು ನೋಡಿ ಚೂಪಾಗೇ ಇವೆ ಅಂದರು. ಪಿಸ್ಟನ್ ರಿಂಗ್, ಲೈನರ್ (ಸಿಲಿಂಡರಿನ ಒಳಗೋಡೆ) ಕಣ್ಣಿಗೆ ಕಾಣೋದಿಲ್ಲ. ಎಂಜಿನ್ ಆಯಿಲ್ ಬದಲಾಯಿಸುವಾಗ ಒಂದು ಸ್ಯಾಂಪಲ್ ಬಾಟಲಿ ತುಂಬಿ ಲ್ಯಾಬಿಗೆ ಕಳಿಸಿದ್ದೇನೆ. ಸಾಮಾನ್ಯವಾಗಿ ಸಿಲಿಕಾನ್ ಏರಿದ್ದರೆ ಮಣ್ಣು ಒಳಗೆ ಹೋಗಿದೆ ಅಂತ, ಕಬ್ಬಿಣ ಏರಿದ್ದರೆ ಎಂಜಿನ್ ಸವೆದಿದೆ ಅಂತ ಓದುತ್ತಾರೆ. ನಮ್ಮೂರ ಧೂಳೇ ಕಬ್ಬಿಣ. ಆ ಅಂಕಿ ಜಾಸ್ತಿ ಬಂದರೆ ಅದು ಲೈನರಿನದೋ ಸಂಡೂರಿನ ಗುಡ್ಡದ್ದೋ ಹೇಳೋದು ಕಷ್ಟ. ಹಾಗಾಗಿ ಬಾಟಲಿಯ ಜೊತೆ ಒಂದು ಚೀಟಿ ಬರೆದಿಟ್ಟೆ, ಕಾರು ಅದಿರಿನ ಲಾರಿಗಳ ದಾರಿಯಲ್ಲಿ ಓಡುತ್ತದೆ, ಪಿಸ್ಟನ್ ಅಲ್ಯೂಮಿನಿಯಂನದು, ಹಾಗಾಗಿ ಆ ಅಂಕಿಯನ್ನೂ ದಯವಿಟ್ಟು ನೋಡಿ ಅಂತ. ವರದಿ ಬಂದ ದಿನ ಇಲ್ಲಿ ಹಾಕುತ್ತೇನೆ.