ಪುಶ್ ಕನೆಕ್ಟರ್ ಬೇರೆ, ಲೀವರ್ ಕನೆಕ್ಟರ್ ಬೇರೆ: ವೈರಿಂಗ್ ಕೆಲಸದ ಪಾಠ

ಫಾಲ್ಸ್ ಸೀಲಿಂಗ್ ಕೆಲಸ ಹೆಚ್ಚಾದ ಮೇಲೆ ವೈರ್ ತಿರುಚಿ ಟೇಪ್ ಸುತ್ತುವ ಕಾಲ ನಿಧಾನವಾಗಿ ಮುಗಿಯುತ್ತಿದೆ. ಅದು ಒಳ್ಳೆಯದೇ. ಬಿಸಿಗೆ ಟೇಪಿನ ಅಂಟು ಬಿಡುತ್ತದೆ, ತಿರುಚಿದ ಜಾಯಿಂಟ್ ಸಡಿಲವಾಗುತ್ತದೆ. ಆದರೆ ಆ ಜಾಗಕ್ಕೆ ಬಂದ ಕನೆಕ್ಟರ್‌ಗಳಲ್ಲಿ ಎರಡು ಜಾತಿ ಇವೆ, ಅವುಗಳನ್ನು ಒಂದೇ ಎಂದುಕೊಂಡು ಬಳಸುವುದರಿಂದ ಹೊಸ ಬಗೆಯ ಸುಟ್ಟ ಜಾಯಿಂಟ್‌ಗಳು ಶುರುವಾಗಿವೆ.

ಲೀವರ್ ಇಲ್ಲದ, ಸುಮ್ಮನೆ ತಳ್ಳುವ ಪುಶ್ ಕನೆಕ್ಟರ್ ಇದೆಯಲ್ಲ, ವ್ಯಾಗೋ ಕಂಪನಿಯ 2273ರಂಥದ್ದು, ಅದನ್ನು ಮಾಡಿರುವುದು ಗಟ್ಟಿಯಾದ ಒಂಟಿ ತಂತಿಗೆ. ತಂತಿ ತನ್ನ ಬಿಗುವಿನಿಂದಲೇ ಒಳಗಿನ ಸ್ಪ್ರಿಂಗನ್ನು ಎತ್ತಿಕೊಂಡು ಹೋಗಿ ತಾಮ್ರದ ಪಟ್ಟಿಗೆ ಒತ್ತಿ ಕೂರಬೇಕು. ಯುರೋಪಿನ ಹಲವು ದೇಶಗಳ ಮನೆಗಳಲ್ಲಿ ಅಂಥ ತಂತಿಯೇ ಸಾಮಾನ್ಯ. ನಮ್ಮಲ್ಲಿ ಈಗ ಮನೆಗಳಿಗೆ ಹಾಕುವುದು ಬಹುತೇಕ ಫ್ಲೆಕ್ಸಿಬಲ್ ವೈರ್. 1.5 ಸ್ಕ್ವೇರ್ ಎಂಎಂ ವೈರಿನಲ್ಲಿ ಸಾಮಾನ್ಯವಾಗಿ 0.3 ಎಂಎಂ ದಪ್ಪದ 22 ಎಳೆ, 2.5ರಲ್ಲಿ 36 ಎಳೆ ಇರುತ್ತವೆ. ಇದನ್ನು ಪುಶ್ ಕನೆಕ್ಟರ್‌ಗೆ ತಳ್ಳಿದರೆ ಸ್ಪ್ರಿಂಗ್ ಏಳುವ ಮೊದಲೇ ಎಳೆಗಳು ಮಡಚಿಕೊಳ್ಳುತ್ತವೆ. ಕೆಲವು ಒಳಗೆ ಹೋಗುತ್ತವೆ, ಕೆಲವು ಬಾಯಿಯಲ್ಲೇ ಗುಂಪಾಗಿ ನಿಲ್ಲುತ್ತವೆ. ಹೊರಗಿನಿಂದ ನೋಡಿದರೆ ಜಾಯಿಂಟ್ ಚೆನ್ನಾಗೇ ಕಾಣುತ್ತದೆ, ಬಲ್ಬೂ ಉರಿಯುತ್ತದೆ. ತುದಿಗೆ ಬೆಸುಗೆ ಹಾಕಿ ಗಟ್ಟಿ ಮಾಡಿ ತುರುಕುವುದೂ ಪರಿಹಾರವಲ್ಲ. ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಬಾಗಿ ಬಾಗಿ ಮುರಿಯುತ್ತದೆ.

ಫ್ಲೆಕ್ಸಿಬಲ್ ವೈರಿಗೆ ಬೇಕಾದ್ದು ಲೀವರ್ ಕನೆಕ್ಟರ್. ಇದರಲ್ಲಿ ಲೀವರ್ ಎತ್ತಿದಾಗ ಸ್ಪ್ರಿಂಗ್ ಪೂರ್ತಿ ತೆರೆದುಕೊಳ್ಳುತ್ತದೆ, ಎಳೆಗಳ ಮೇಲೆ ಒತ್ತಡವಿಲ್ಲದೆ ಎಲ್ಲವೂ ಒಳಗೆ ಹೋಗುತ್ತವೆ, ಆಮೇಲೆ ಹಿಡಿತ ಬೀಳುತ್ತದೆ. ವ್ಯಾಗೋ 221ರ ಚಿಕ್ಕ ಮಾದರಿ 4 ಸ್ಕ್ವೇರ್ ಎಂಎಂವರೆಗೆ, 32 ಆಂಪ್ಸ್‌ಗೆ ಸಲ್ಲುತ್ತದೆ. ದೊಡ್ಡದು 6 ಸ್ಕ್ವೇರ್ ಎಂಎಂವರೆಗೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ಕೆಟ್ಟ ಜಾಯಿಂಟನ್ನು ಡಿಬಿಯಲ್ಲಿ, ಅಂದರೆ ಮನೆಯ ಲೈನ್‌ಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ, ಇರುವ ಯಾವುದೂ ಹಿಡಿಯುವುದಿಲ್ಲ. 3 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪ್ಸ್ ಎಳೆಯುತ್ತದೆ. ದಾರಿಯಲ್ಲಿರುವ ಜಾಯಿಂಟಿನಲ್ಲಿ 0.1 ಓಮ್ ರೆಸಿಸ್ಟೆನ್ಸ್ ಬಂದರೆ ಅಲ್ಲಿ ಹುಟ್ಟುವ ಬಿಸಿ 13 ಗುಣಿಸು 13 ಗುಣಿಸು 0.1, ಅಂದರೆ ಸುಮಾರು 17 ವ್ಯಾಟ್. ನಮ್ಮ ಬ್ಯಾಗಿನಲ್ಲಿರುವ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ಮೂರನೇ ಎರಡು ಪಾಲು ಬಿಸಿ, ಬೆರಳುಗುರಿನಷ್ಟು ಪ್ಲಾಸ್ಟಿಕ್ಕಿನ ಒಳಗೆ. ಕರೆಂಟ್ ಹೆಚ್ಚಾಗಿಲ್ಲವಾದ್ದರಿಂದ ಎಂಸಿಬಿ ಎಂಬ ರಕ್ಷಣಾ ಸ್ವಿಚ್ ಬೀಳುವುದಿಲ್ಲ. ಭೂಮಿಗೆ ಸೋರಿಲ್ಲವಾದ್ದರಿಂದ ಸೋರಿಕೆ ಹಿಡಿಯುವ ಆರ್‌ಸಿಸಿಬಿಯೂ ಬೀಳುವುದಿಲ್ಲ. ಗೀಸರಿಗೆ ಒಂದು ವೋಲ್ಟ್ ಚಿಲ್ಲರೆ ಕಡಿಮೆಯಾದರೆ ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ಕೆಲಸಕ್ಕೆ ಮುಂಚೆ ಎಂಸಿಬಿ ಇಳಿಸಿದರೆ ಸಾಲದು. ಯುಪಿಎಸ್ ಇರುವ ಮನೆಯಲ್ಲಿ ಲೈಟಿನ ಲೈನಿಗೆ ಅದರಿಂದಲೂ ಫೇಸ್ ಬರುತ್ತದೆ, ಅದನ್ನೂ ಆಫ್ ಮಾಡಿ. ನಂತರ ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರನ್ನೂ ನೋಡಿ. ಮೀಟರ್ ಸರಿಯಿದೆಯೇ ಎಂದು ಮೊದಲೂ ಕೊನೆಗೂ ಕರೆಂಟ್ ಇರುವ ಪಾಯಿಂಟಿನಲ್ಲಿ ನೋಡಿಕೊಳ್ಳಬೇಕು. ಲೈನ್ ಟೆಸ್ಟರ್ ಉರಿಯಲಿಲ್ಲ ಎಂದು ಕೈ ಹಾಕಬೇಡಿ.

221ರ ಚಿಕ್ಕ ಮಾದರಿಗೆ ಸಿಪ್ಪೆ ತೆಗೆಯುವ ಉದ್ದ 11 ಎಂಎಂ, ಕನೆಕ್ಟರ್ ಮೇಲೇ ಅಳತೆ ಇರುತ್ತದೆ. ಕಡಿಮೆಯಾದರೆ ಸ್ಪ್ರಿಂಗ್ ಇನ್ಸುಲೇಶನ್ ಮೇಲೆ ಕೂರುತ್ತದೆ. ಜಾಸ್ತಿಯಾದರೆ ಬರಿ ತಾಮ್ರ ಹೊರಗೆ ಉಳಿಯುತ್ತದೆ. ಸ್ಟ್ರಿಪ್ಪರ್ ಬಳಸಿ. ಹಲ್ಲಿನಲ್ಲಿ ಕಚ್ಚಿ, ಕಟಿಂಗ್ ಪ್ಲೇಯರಿನಲ್ಲಿ ಎಳೆದು ತೆಗೆದರೆ ನಾಲ್ಕೈದು ಎಳೆ ಅದರ ಜತೆಗೇ ಹೋಗುತ್ತವೆ. ಹಳೆ ಜಾಯಿಂಟ್ ಬಿಚ್ಚಿದ ವೈರಾದರೆ ಕಪ್ಪಾದ ಭಾಗವನ್ನು ಕತ್ತರಿಸಿ, ಹೊಳೆಯುವ ತಾಮ್ರ ಬಂದ ಮೇಲೆಯೇ ಹಾಕಬೇಕು. ಒಂದು ತೂತಿಗೆ ಒಂದೇ ವೈರ್. ಎರಡು ವೈರ್ ಸೇರಿಸಿ ತುರುಕಿದರೆ ಒಂದಕ್ಕೆ ಹಿಡಿತ, ಇನ್ನೊಂದಕ್ಕೆ ಬರೀ ಒರಗು. ವೈರಿನ ತುದಿ ಪಾರದರ್ಶಕ ಗೋಡೆಯ ಕೊನೆಯಲ್ಲಿ ಕಾಣಬೇಕು, ಇನ್ಸುಲೇಶನ್ ಬಾಯಿಯೊಳಗೆ ಹೋಗಿರಬೇಕು, ಲೀವರ್ ಪೂರ್ತಿ ಮಲಗಬೇಕು. ಆಮೇಲೆ ಪ್ರತಿ ವೈರನ್ನೂ ಒಂದೊಂದಾಗಿ ಹಿಡಿದು ಜಗ್ಗಿ ನೋಡಿ. ಗೊಂಚಲನ್ನು ಒಟ್ಟಿಗೆ ಜಗ್ಗಿದರೆ ಸಡಿಲವಾಗಿರುವುದು ಸಿಕ್ಕಿಬೀಳುವುದಿಲ್ಲ.

ನ್ಯೂಟ್ರಲ್ ಮತ್ತು ಅರ್ಥ್‌ಗೆ ಈ ಕನೆಕ್ಟರ್‌ಗಳ ಉಪಯೋಗ ತುಂಬ. ಸ್ವಿಚ್‌ಬೋರ್ಡಿನಲ್ಲಿ ಸಾಕೆಟ್ಟಿನ ಒಂದೇ ಸ್ಕ್ರೂ ಅಡಿ ಮೂರು ವೈರ್ ಒತ್ತಿ ಲೂಪ್ ಮಾಡುವ ಬದಲು ಐದು ತೂತಿನದರಲ್ಲಿ ಸೇರಿಸಿ, ಸಾಕೆಟ್ಟಿಗೆ ಒಂದೇ ತುಂಡು ಇಳಿಸಿದರೆ, ಒಂದು ಸಾಕೆಟ್ ಕೆಟ್ಟಾಗ ಮುಂದಿನ ಪಾಯಿಂಟ್‌ಗಳ ನ್ಯೂಟ್ರಲ್ ತಪ್ಪುವುದಿಲ್ಲ. ಆದರೆ ಮೂರು ಫೇಸಿನ ಮನೆಯಲ್ಲಿ ಡಿಬಿಗೆ ಬರುವ ಮುಖ್ಯ ನ್ಯೂಟ್ರಲ್ಲನ್ನು ಇದರಲ್ಲಿ ಜೋಡಿಸುವ ಯೋಚನೆ ಬೇಡ. ಅಲ್ಲಿ ನ್ಯೂಟ್ರಲ್ ಬಿಟ್ಟರೆ ಟಿವಿ, ಫ್ರಿಜ್‌ಗೆ 400 ವೋಲ್ಟ್ ಹತ್ತಿರ ಹೋಗಬಹುದು.

ಒಂದೇ ಕನೆಕ್ಟರಿನಲ್ಲಿ 4 ಸ್ಕ್ವೇರ್ ಎಂಎಂ ಜತೆ 1 ಸ್ಕ್ವೇರ್ ಎಂಎಂ ಹಿಡಿಯುತ್ತದೆ, ಹಾಗಂತ ಹಾಕಬಾರದು. 20 ಆಂಪ್ಸ್ ಎಂಸಿಬಿಯ ಹಿಂದೆ ಆ ಸಣ್ಣ ವೈರಿಗೆ ರಕ್ಷಣೆಯೇ ಇರುವುದಿಲ್ಲ. ಕನೆಕ್ಟರ್ ಮೇಲಿನ 32 ಆಂಪ್ಸ್ ಎನ್ನುವುದು ಕನೆಕ್ಟರಿನ ತಾಕತ್ತು, ವೈರಿನದಲ್ಲ.

ಜಾಯಿಂಟ್ ಯಾವಾಗಲೂ ಮುಚ್ಚಳವಿರುವ ಜಂಕ್ಷನ್ ಬಾಕ್ಸಿನಲ್ಲಿರಲಿ. ಗೋಡೆ ಕೊರೆದು ಪ್ಲಾಸ್ಟರಿನೊಳಗೆ ಹೂತುಬಿಟ್ಟರೆ ಮುಂದೆ ಅದನ್ನು ಹುಡುಕುವವರ ಪಾಡು ಬೇಡ. ಫಾಲ್ಸ್ ಸೀಲಿಂಗಿನಲ್ಲಾದರೆ ಡೌನ್‌ಲೈಟಿನ ತೂತಿನಿಂದ ಕೈಗೆಟುಕುವ ದೂರದಲ್ಲಿ ಬಾಕ್ಸ್ ಇಡಿ. ಸಂಪ್ ಮೋಟರ್, ಗೇಟ್ ಲೈಟಿನಂಥ ನೀರು ತಾಗುವ ಕಡೆ ಬರೀ ಕನೆಕ್ಟರ್ ನಡೆಯದು, ನೀರು ಹೋಗದ ಬಾಕ್ಸೇ ಬೇಕು.

ಹಳೆ ಮನೆಯಲ್ಲಿ ಅಲ್ಯೂಮಿನಿಯಂ ವೈರ್ ಸಿಕ್ಕರೆ ತಾಮ್ರದಂತೆ ಹಾಕಬೇಡಿ. ಸಿಪ್ಪೆ ತೆಗೆದ ಕೂಡಲೇ ಅದರ ಮೇಲೆ ಕರೆಂಟ್ ಬಿಡದ ಆಕ್ಸೈಡ್ ಪದರ ಕಟ್ಟುತ್ತದೆ. ತಯಾರಕರು ಆ ಕನೆಕ್ಟರಿಗೆ ಅಲ್ಯೂಮಿನಿಯಂ ಸಲ್ಲುತ್ತದೆ ಎಂದು ಹೇಳಿ, ಅದಕ್ಕೆಂದೇ ಪೇಸ್ಟ್ ಕೊಟ್ಟಿದ್ದರೆ ಮಾತ್ರ ಸರಿ. ಇಲ್ಲವಾದರೆ ಆ ಲೈನನ್ನೇ ಬದಲಾಯಿಸಿ.

ಕೊಳ್ಳುವಾಗ ತಯಾರಕರ ಹೆಸರು, ವೋಲ್ಟ್, ಆಂಪ್ಸ್, ಸ್ಕ್ವೇರ್ ಎಂಎಂ ಮಿತಿ ಕನೆಕ್ಟರ್ ಮೈಮೇಲೆ ಅಚ್ಚಾಗಿದೆಯೇ ನೋಡಿ. ಹೆಸರಿಲ್ಲದ ಅಗ್ಗದ ಲೀವರ್ ಕನೆಕ್ಟರ್ ಮೇಲೂ 32 ಆಂಪ್ಸ್ ಎಂದು ಬರೆದಿರುತ್ತದೆ. ಅದನ್ನು ಗೀಸರ್, ಎಸಿ ಲೈನಿಗೆ ನಂಬಬಾರದು. ಕೆಲಸ ಮುಗಿದ ಮೇಲೆ ಗೀಸರನ್ನು ಹದಿನೈದು ನಿಮಿಷ ಓಡಿಸಿ, ಎಂಸಿಬಿ ಇಳಿಸಿ, ಮೀಟರಿನಲ್ಲಿ ನೋಡಿಕೊಂಡು ಕನೆಕ್ಟರ್ ಮುಟ್ಟಿ ನೋಡಿ. ವೈರಿಗಿಂತ ಅದು ಹೆಚ್ಚು ಬಿಸಿಯಿದ್ದರೆ, ಬಾಯಿಯ ಬಳಿ ಕಂದು ಬಣ್ಣ ತಿರುಗಿದ್ದರೆ, ಅದನ್ನು ಕತ್ತರಿಸಿ ಎಸೆದು ಹೊಸದು ಹಾಕಿ, ಅದೇ ಲೈನಿನ ಉಳಿದ ಬಾಕ್ಸ್‌ಗಳನ್ನೂ ಬಿಚ್ಚಿ ನೋಡಿ.