ದಿನಾ ಪ್ರೇಯರ್ ಮಾಡ್ತೀರಲ್ಲ, ಅದಕ್ಕೇ ನಿಮ್ಮಲ್ಲಿ ಜಗಳ ಇಲ್ಲ, ಅಲ್ವಾ?

ನಾನು ಕ್ರಿಶ್ಚಿಯನ್ ಅಂತ ಗೊತ್ತಿರುವವರಿಂದ ಈ ಪ್ರಶ್ನೆ ನನಗೆ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಬಂದಿದೆ, ಮಗಳ ಸ್ಕೂಲ್ ಗೇಟಿನ ಮುಂದೆ ಬಂದಿದೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಬಂದಿದೆ. "ನಿಮ್ಮಲ್ಲಿ ಸಂಜೆ ಮನೆಯವರೆಲ್ಲ ಕೂತು ಪ್ರೇಯರ್ ಮಾಡ್ತಾರಂತಲ್ಲ. ಅದಕ್ಕೇ ಫ್ಯಾಮಿಲಿ ಅಷ್ಟು ಒಗ್ಗಟ್ಟಾಗಿರುತ್ತೆ, ಜಗಳಗಿಗಳ ಇರಲ್ಲ, ಅಲ್ವಾ?" ಡಾಕ್ಟರಿಗೆ "ಆಂ" ಎಂದೆ. ಅವರು ಅದನ್ನು ಹೌದು ಅಂತ ತಗೊಂಡರು. ಉಳಿದವರ ಮುಂದೆ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಸಾಕು. ಇನ್ನುಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ಜಗಳ ಇರುತ್ತೆ ಸ್ವಾಮಿ. ಸೈಟಿಗೆ ಇರುತ್ತೆ, ಒಡವೆಗೆ ಇರುತ್ತೆ, ಯಾರ ಮದುವೆಯಲ್ಲಿ ಯಾರ ಕಡೆಯವರಿಗೆ ಬಿರಿಯಾನಿ ಸಾಲಲಿಲ್ಲ ಅನ್ನುವುದಕ್ಕೆ ಹದಿನೈದು ವರ್ಷ ಮಾತು ಬಿಟ್ಟವರು ನಮ್ಮ ನೆಂಟರಲ್ಲೇ ಇದ್ದಾರೆ.

ಆಮೇಲೆ ಆ "ನಿಮ್ಮಲ್ಲಿ". ಆ ಒಂದು ಚೀಲಕ್ಕೆ ಎಷ್ಟು ಜನರನ್ನು ತುರುಕುತ್ತೀರಿ? ಗೋವಾದವರು, ಮಂಗಳೂರಿನ ಕೊಂಕಣಿಯವರು, ಕೇರಳದವರು, ಬೆಂಗಳೂರು ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿನ ಪ್ರಾಟೆಸ್ಟೆಂಟರು (ಅವರಲ್ಲಿ ಮಣಿ ಎಣಿಸಿ ಪ್ರಾರ್ಥಿಸುವ ಜಪಸರವೇ ಇಲ್ಲ), ಹಳೇ ಸಿನಿಮಾದಲ್ಲಿ ಫ್ರಾಕು ಹಾಕಿಕೊಂಡು ಬರುವ ಟೈಪಿಸ್ಟು, ಎಲ್ಲರೂ ಒಂದೇ. ನಾವು ಕನ್ನಡ ಕಥೋಲಿಕರು. ಅಪ್ಪನ ಊರು ಕನಕಪುರ ತಾಲ್ಲೂಕಿನ ಹಾರೋಬೆಲೆ. ಅಲ್ಲಿ ಶುಭ ಶುಕ್ರವಾರದ ಹೊತ್ತಿಗೆ ಯೇಸುಸ್ವಾಮಿಯ ಪಾಡುಗಳನ್ನು ಊರವರೇ ವೇಷ ಕಟ್ಟಿ ನಾಟಕ ಆಡುತ್ತಾರೆ. ಆ ನಾಟಕಕ್ಕೇ ನೂರು ವರ್ಷ ದಾಟಿದೆ. "ಯಾವಾಗ ಕನ್ವರ್ಟ್ ಆದ್ರಿ?" ಅನ್ನುವ ಇನ್ನೊಂದು ಪ್ರಶ್ನೆಯಿದೆ. ಅದಕ್ಕೆ ಇವತ್ತು ನನಗೆ ತಾಳ್ಮೆಯಿಲ್ಲ.

ಸರಿ, ಪ್ರೇಯರ್. ಅದರ ಹೆಸರು ಜಪಸರ. ಹತ್ತು ಮಣಿಯ ಐದು ಸುತ್ತು, ಶುರುವಿನಲ್ಲಿ ಮೂರು, ಒಟ್ಟು 53 ಸಲ "ನಮೋ ಮರಿಯಾ", ಅಂದರೆ ಯೇಸುವಿನ ತಾಯಿ ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ. ಅಮ್ಮ ನಡೆಸಿದರೆ ಹದಿನೈದು ನಿಮಿಷ, ಅಪ್ಪ ನಡೆಸಿದರೆ ಅರ್ಧ ಗಂಟೆ. ನನ್ನ ಅಜ್ಜಿ ಹುಡುಗಿಯಾಗಿದ್ದಾಗ ಚರ್ಚಿನ ಪೂಜೆಯೆಲ್ಲ ಲ್ಯಾಟಿನ್. ಸ್ವಾಮಿಗಳು ಪೀಠದ ಕಡೆ ಮುಖ ಮಾಡಿ ಅವರ ಪಾಡಿಗೆ ಅವರು ಹೇಳಿಕೊಳ್ಳುತ್ತಿದ್ದರು. ಪೂಜೆ ಕನ್ನಡಕ್ಕೆ ಬಂದಿದ್ದು ರೋಮಿನಲ್ಲಿ ಬಿಷಪ್ಪರೆಲ್ಲ ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೂ ಅಜ್ಜಿಗೆ ಅರ್ಥವಾಗುವ ಹಾಗೆ ದೇವರು ಮಾತಾಡುತ್ತಿದ್ದದ್ದು ಮನೆಯ ಚಾಪೆಯ ಮೇಲೆ ಮಾತ್ರ. ಹಾಗಾಗಿ ನಮ್ಮಲ್ಲಿ (ನೋಡಿ, ನಾನೂ ಅಂದೆ) ವಿಶ್ವಾಸ ಬೇರೆ, ಮನೆ ಬೇರೆ ಅಂತ ಯಾರೂ ಬಿಡಿಸಿ ನೋಡಿದವರಲ್ಲ.

"ಕೂಡಿ ಪ್ರಾರ್ಥಿಸುವ ಕುಟುಂಬ ಕೂಡಿ ಬಾಳುತ್ತದೆ" ಅಂತ ಒಂದು ಮಾತಿದೆ. ನಮ್ಮ ಮನೆಯ ಕ್ಯಾಲೆಂಡರಿನಲ್ಲೂ ಅಚ್ಚಾಗಿತ್ತು. ಬೈಬಲಿನದು ಅಂದುಕೊಂಡಿದ್ದೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಪ್ಯಾಟ್ರಿಕ್ ಪೇಟನ್ ಅನ್ನುವ ಪಾದ್ರಿ ಮನೆಮನೆಯಲ್ಲೂ ಜಪಸರ ಆಗಲಿ ಅಂತ ರೇಡಿಯೊದಲ್ಲಿ ಚಳವಳಿ ನಡೆಸಿದರು. ಅವರಿಗೋಸ್ಕರ ಈ ಸಾಲು ಹೊಸೆದವನು ಆಲ್ ಸ್ಕಾಲ್ಪೋನ್, ಜಾಹೀರಾತು ಬರೆಯುವವನು. ಗೊತ್ತಾದಾಗ ನನಗೆ ಒಂಥರಾ ಸಮಾಧಾನವೇ ಆಯಿತು. ಸೋಪಿನ ಜಾಹೀರಾತು ನಂಬಿ ಬೆಳ್ಳಗಾಗದಿದ್ದರೆ ನಮ್ಮ ತಪ್ಪೇನಲ್ಲವಲ್ಲ.

ಯಾಕೆಂದರೆ ನಮ್ಮ ಮನೆ ಕೂಡಿ ಬಾಳಲಿಲ್ಲ. ಎರಡು ವರ್ಷ ಒಡೆದೇ ಇತ್ತು, ಆ ಎರಡು ವರ್ಷವೂ ಒಂದು ಸಂಜೆ ತಪ್ಪದೆ ಜಪಸರ ಆಯಿತು.

ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ. ಮುನಿಸಿಕೊಂಡು ಎದ್ದು ಹೋಗಬೇಕೆಂದರೂ ಜಾಗವಿಲ್ಲ. ನಾವು ಐದು ಜನ, ಜಪಸರದಲ್ಲಿ ಐದು ಸುತ್ತು. ಅಪ್ಪ, ಅಮ್ಮ, ಅಕ್ಕ, ನಾನು, ತಮ್ಮ, ಆ ಕ್ರಮದಲ್ಲಿ ಒಬ್ಬೊಬ್ಬರು ಒಂದೊಂದು ನಡೆಸುವುದು. 2004ರಲ್ಲಿ ಅಕ್ಕ ಮಂಡ್ಯದ ಗೌಡರ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಬಿಷಪ್ಪರ ಅಪ್ಪಣೆ ತರಿಸಿಕೊಂಡಿದ್ದರೆ ಚರ್ಚಿನಲ್ಲೇ ಆಗಬಹುದಿತ್ತು, ಅವನು ಜ್ಞಾನಸ್ನಾನ ತಗೊಂಡು ಕ್ರಿಶ್ಚಿಯನ್ ಆಗಲೇಬೇಕೆಂದಿಲ್ಲ. ಆದರೆ ಅಪ್ಪಣೆ ಕೇಳುವುದಕ್ಕೆ ಮೊದಲು ಅಪ್ಪನಿಗೆ ಹೇಳಬೇಕಿತ್ತಲ್ಲ, ಅದು ಅವಳಿಂದ ಆಗಲಿಲ್ಲ. ಮೂರು ಭಾನುವಾರ ಚರ್ಚಿನಲ್ಲಿ ಕೂಗಬೇಕಾದ ಹೆಸರು ಮೂವತ್ತು ದಿನ ರಿಜಿಸ್ಟ್ರಾರ್ ಆಫೀಸಿನ ನೋಟಿಸ್ ಬೋರ್ಡಿನಲ್ಲಿ ನೇತಾಡಿತು. ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದವರೊಬ್ಬರು ನೋಡಿಕೊಂಡು ಬಂದು ಅಪ್ಪನ ಕಿವಿಗೆ ಹಾಕಿದರು.

ಅವಳು ಹೋದ ಮೇಲೆ ಮೂರನೇ ಸುತ್ತು ಅನಾಥವಾಯಿತು. ಅಮ್ಮ ಏನೂ ಹೇಳದೆ ತನ್ನ ಹತ್ತು ಮಣಿ ಮುಗಿಸಿ ಅದನ್ನೂ ತಾನೇ ಎತ್ತಿಕೊಂಡಳು.

ಇಲ್ಲಿ ನಿಮ್ಮ ಪ್ರಶ್ನೆ ಕೈಬಿಡುತ್ತೇನೆ. ಪ್ರಾರ್ಥನೆಯಿಂದ ಒಗ್ಗಟ್ಟು ಬರುತ್ತಾ ಇಲ್ಲವಾ, ಯಾರಿಗೆ ಗೊತ್ತು. ಇಷ್ಟು ವರ್ಷದಲ್ಲಿ ಒಬ್ಬರಾದರೂ "ಎಲ್ಲ ಮುಗಿದ ಮೇಲೆ ಯಾರ್ಯಾರಿಗೋಸ್ಕರ ಬೇಡಿಕೊಳ್ತೀರಿ?" ಅಂತ ಕೇಳಿದ್ದರೆ ನಾನು ಡಬ್ಬಿ ಮುಚ್ಚಿಟ್ಟು ಹೇಳುತ್ತಿದ್ದೆ.

ನಮ್ಮ ಮನೆಯ ಸುದ್ದಿಯೆಲ್ಲ ಬರುತ್ತಿದ್ದದ್ದು ಅಲ್ಲೇ. ಅಪ್ಪ ನಮ್ಮ ಮುಖ ನೋಡಿ ಏನನ್ನೂ ಹೇಳುವ ಮನುಷ್ಯನಲ್ಲ, ಹೇಳುವುದನ್ನೆಲ್ಲ ದೇವರಿಗೆ ಹೇಳುತ್ತಿದ್ದರು, ನಾವು ಕೇಳಿಸಿಕೊಳ್ಳಬೇಕು. ಪೋಪರಿಗಾಗಿ, ನಮ್ಮ ಸ್ವಾಮಿಗಳಿಗಾಗಿ, ತೀರಿಕೊಂಡವರ ಆತ್ಮಗಳಿಗಾಗಿ, ಆಮೇಲೆ ಒಂದು ದಿನ "ಕೆಲಸ ಕಳೆದುಕೊಂಡವರಿಗಾಗಿ". ಅಪ್ಪನ ಫ್ಯಾಕ್ಟರಿ ಬಾಗಿಲು ಹಾಕಿದೆ ಅಂತ ನಮಗೆ ತಿಳಿದದ್ದು ಹಾಗೆ. ಅಮ್ಮನಿಗೂ ಹಾಗೇ ತಿಳಿದದ್ದು. ಅವಳು, ಪ್ರತಿ ಬೇಡಿಕೆಗೂ ಎಲ್ಲರೂ ಕೊಡುವ ಉತ್ತರದ ಹಾಗೆ, "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಅಂದಳು, ಎದ್ದು ಹೋಗಿ ಅಕ್ಕಿ ಅಳೆಯುವಾಗ ಒಂದು ಹಿಡಿ ವಾಪಸ್ಸು ಡಬ್ಬಕ್ಕೆ ಹಾಕಿದಳು. ನಾನು ನೋಡಿದೆ.

ಕೊನೆಗೆ ಮಕ್ಕಳ ಹೆಸರು, ದೊಡ್ಡವಳಿಂದ ಶುರು. ಅಕ್ಕ ಹೋದ ಮಾರನೇ ದಿನದಿಂದ ಅಪ್ಪ ನನ್ನಿಂದ ಶುರು ಮಾಡಿದರು. ಅವಳ ಹೆಸರು ಹೋಯಿತು, ಅದರ ಜಾಗಕ್ಕೆ, ಅಷ್ಟೇ ರಾಗದಲ್ಲಿ, "ದಾರಿ ತಪ್ಪಿದವರಿಗಾಗಿ" ಬಂತು. ಎರಡು ವರ್ಷ. ಅಮ್ಮ ಆ ಸಾಲಿಗೆ ಮಾತ್ರ ಉತ್ತರ ಕೊಡುತ್ತಿರಲಿಲ್ಲ. ಕೆಮ್ಮುತ್ತಿದ್ದಳು.

2006ರ ಅಕ್ಟೋಬರ್. ಅಕ್ಟೋಬರ್ ಜಪಸರದ ತಿಂಗಳು, ತಪ್ಪಿಸುವ ಹಾಗೇ ಇಲ್ಲ. ಅವತ್ತು ಗುರುವಾರ ಅಂತ ನನಗೆ ಖಂಡಿತ ನೆನಪಿದೆ, ಯಾಕೆಂದರೆ ಬೆಳಕಿನ ರಹಸ್ಯಗಳ ದಿನ (ಪ್ರತಿ ಸುತ್ತಿಗೂ ಯೇಸುವಿನ ಅಥವಾ ಮರಿಯಮ್ಮನ ಬಾಳಿನ ಒಂದು ಘಟನೆ ನೆನೆಯಬೇಕು, ಅದಕ್ಕೆ ರಹಸ್ಯ ಅಂತ ಹೆಸರು). ಅದನ್ನು ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಹೊಸದಾಗಿ ಸೇರಿಸಿದ್ದು. ಹದಿನೈದು ಇದ್ದ ರಹಸ್ಯ ಇಪ್ಪತ್ತಾಗಿದ್ದು ಅಪ್ಪನಿಗೆ ಕೊನೆಯವರೆಗೂ ಒಗ್ಗಲಿಲ್ಲ, ಚೀಟಿ ನೋಡಿಕೊಂಡು ಓದುತ್ತಿದ್ದರು. ಪಕ್ಕದ ಮನೆಯ ಟೀವಿಯಲ್ಲಿ ಸೀರಿಯಲ್ಲು. ಅಮ್ಮ ಮೂರನೇ ಸುತ್ತು ಎತ್ತಿಕೊಂಡಿದ್ದಳು. "ನಮೋ ಮರಿಯಾ" ಅಂತ ಅರ್ಧ ಹೇಳಿ ನಿಲ್ಲಿಸಿದಾಗ ಉಳಿದರ್ಧ, "ಸಂತ ಮರಿಯಾ", ಬಾಗಿಲ ಕಡೆಯಿಂದಲೂ ಬಂತು.

ಅಕ್ಕ. ಚಪ್ಪಲಿ ಬಿಟ್ಟಿಲ್ಲ, ಹೆಗಲ ಮೇಲೆ ಮಗು. ಅಳಬೇಕು ಅಂತ ಬಂದಿದ್ದಳಂತೆ, ಬಾಯಿ ತನ್ನಷ್ಟಕ್ಕೆ ಉತ್ತರ ಕೊಟ್ಟುಬಿಟ್ಟಿತಂತೆ. ನಡುವೆ ಏಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ಯಾರೂ ಏಳಲಿಲ್ಲ. ಅಪ್ಪ ಕಣ್ಣೇ ತೆರೆಯಲಿಲ್ಲ. ಅಮ್ಮ ನಿಲ್ಲಿಸಲೂ ಇಲ್ಲ, ಆದರೆ ಆ ಸುತ್ತಿನಲ್ಲಿ ಹತ್ತಲ್ಲ, ಹನ್ನೆರಡು ಮಣಿ ಆಯಿತು. ತಮ್ಮ ಎಣಿಸಿದ್ದ.

ಕೊನೆಗೆ ಬೇಡಿಕೆಗಳು. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಅಪ್ಪ ಒಂದೂ ಬಿಡದೆ ಹೇಳಿದರು, ಅವಳು ಅಲ್ಲೇ ನಿಂತಿರುವಾಗಲೂ ಹೇಳಿದರು: "ದಾರಿ ತಪ್ಪಿದವರಿಗಾಗಿ." ಅದು ತನ್ನ ಹೆಸರು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಎಲ್ಲರಿಗಿಂತ ಗಟ್ಟಿಯಾಗಿ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಅಂದಳು. ತಮ್ಮನಿಗೆ ನಗು ಬಂತು. ನನಗೂ. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು, ನಗುವಿಗೋ ಇನ್ನೊಂದಕ್ಕೋ.

ಅವತ್ತೇ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಅಪ್ಪ ಜಪಸರವನ್ನು ಡಬ್ಬಿಗೆ ಹಾಕಿ ಹೊರಗೆ ಹೋದರು, ಅಕ್ಕ ಊಟ ಮಾಡಿ ಹೋದಳು. ಅವಳ ಹೆಸರು ವಾಪಸ್ಸು ಬರಲು ಇನ್ನೂ ಒಂದು ವರ್ಷ ಹಿಡಿಯಿತು, ಅದೂ ಅವಳಿಗೆ ಡೆಂಗಿ ಆದಾಗ, ಕಾಯಿಲೆಯವರ ಪಟ್ಟಿಯಲ್ಲಿ. ಮಕ್ಕಳ ಸಾಲಿಗೆ ಯಾವಾಗ ದಾಟಿತೋ ನಾನು ಗಮನಿಸಲಿಲ್ಲ. ಭಾವನ ಹೆಸರನ್ನು ಮಾತ್ರ ಅಪ್ಪ ತಾವು ಸಾಯುವವರೆಗೂ ಬಾಯಲ್ಲಿ ಹೇಳಲಿಲ್ಲ. ಒಂದು ಸಂಜೆ, ಮಕ್ಕಳ ಹೆಸರೆಲ್ಲ ಮುಗಿದ ಮೇಲೆ, "ಅಳಿಯಂದಿರಿಗಾಗಿ" ಅಂದರು. ನನಗಾಗ ಇನ್ನೂ ಮದುವೆಯಾಗಿರಲಿಲ್ಲ. ಮನೆಗೆ ಇದ್ದವನು ಒಬ್ಬನೇ ಅಳಿಯ.