ಅಡುಗೆಮನೆ ರಿಪೇರಿ: ಅನ್ನ ಬೇಯುವ ಮೊದಲೇ ಬೀಳುವ ಆರ್‌ಸಿಸಿಬಿ

ಕೊನೆಗೂ ಕಳ್ಳ ಸಿಕ್ಕಿದ. ಕರೆಂಟ್ ಎಲ್ಲಾದರೂ ಸೋರಿದರೆ ಮನೆಯ ವಿದ್ಯುತ್ ಕಡಿದುಬಿಡುವ ಸ್ವಿಚ್ ಆರ್‌ಸಿಸಿಬಿ, ರಾತ್ರಿ ಅನ್ನಕ್ಕೆ ಇಟ್ಟರೆ ಅದು ಬೀಳುತ್ತಿತ್ತು. ಇವತ್ತು ರಾತ್ರಿ ಕುಚ್ಚಲಕ್ಕಿ ಅನ್ನ ಪೂರ್ತಿ ಬೆಂದಿದೆ, ನಡುವೆ ಒಮ್ಮೆಯೂ ಮನೆ ಕತ್ತಲಾಗಲಿಲ್ಲ. ಇದೂ ಒಂದು ಸುದ್ದಿಯಾ ಅಂತ ಕೇಳಬೇಡಿ. ಅಡುಗೆಮನೆ ಒಡೆದು ನಡುಮನೆಯಲ್ಲಿ ಒಲೆ ಹೂಡಿದವರಿಗೆ ಅರ್ಥ ಆಗುತ್ತದೆ.

ಹಳೇ ಟೈಲ್ಸ್ ಕಿತ್ತಿದ್ದು, ಗೋಡೆ ಕೊರೆದು ಪೈಪ್ ಹಾಕಿದ್ದು, ಸಿಂಕ್ ಜಾಗ ಬದಲಿಸಿದ್ದು ಎಲ್ಲ ಮಾಮೂಲಿ. ಅದನ್ನು ಬರೆಯುತ್ತಾ ಕೂರುವುದಿಲ್ಲ. ಅಂಕೋಲೆ ಕಡೆಯ ಹಳೇ ಚಿರೆಕಲ್ಲಿನ ಮನೆ ಅಂದರೆ ಸಾಕಲ್ವಾ, ಒಂದು ಮೂಲೆಯೂ 90 ಡಿಗ್ರಿ ಇಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಸದ್ಯದ ಸಂಸಾರ ಹೀಗಿದೆ. ಗ್ಯಾಸ್ ಒಲೆ ಹಿಂದಿನ ಜಗಲಿಯಲ್ಲಿ. ಪಾತ್ರೆ ತೊಳೆಯುವುದು ಬಾವಿಕಟ್ಟೆಯಲ್ಲಿ. ಮಿಕ್ಸರ್ ಟಿವಿ ಮೇಜಿನ ಮೇಲೆ, ಸಾಸಿವೆ ಜೀರಿಗೆ ಬಟ್ಟೆ ಕಪಾಟಿನಲ್ಲಿ. ನನ್ನ ಆಫೀಸ್ ಅಂಗಿಗೆ ಮೆಂತ್ಯದ ವಾಸನೆ. ಅಟ್ಟದಲ್ಲಿದ್ದ ಒಣಮೀನಿನ ಡಬ್ಬವನ್ನು ಸ್ಕೂಟರ್ ಶೆಡ್ಡಿಗೆ ಸಾಗಿಸಿದ್ದೇವೆ, ಬೀದಿ ಬೆಕ್ಕುಗಳೆಲ್ಲ ಅಲ್ಲೇ ವಸತಿ ಹೂಡಿವೆ. ಡಬ್ಬ ಖಾಲಿ ಮಾಡುವ ಹಾಗೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟ್ ಇಳಿಯುವುದಿಲ್ಲ, ಆಗ ಅದೇ ಗತಿ.

ತೊಂದರೆ ಶುರುವಾಗಿದ್ದು ಗಾಳಿಯಿಂದ. ಮಧ್ಯಾಹ್ನ ದಾಟಿತೋ ಇಲ್ಲವೋ ಕಡಲ ಕಡೆಯ ಗಾಳಿ ಜಗಲಿಗೆ ನುಗ್ಗುತ್ತದೆ. ಗ್ಯಾಸ್ ಸಣ್ಣ ಉರಿಯಲ್ಲಿಟ್ಟರೆ ನಂದಿಯೇ ಹೋಗುತ್ತದೆ. ತಗಡು ಅಡ್ಡ ಇಟ್ಟು ನೋಡಿದೆ, ತಗಡೇ ಹಾರಿ ಪಕ್ಕದ ಹಿತ್ತಲಿಗೆ ಬಿತ್ತು. ಹಾಗಾಗಿ ಮೀನಿನ ಸಾರು ಬೆಳಿಗ್ಗೆಯೇ ಜಗಲಿಯಲ್ಲಿ, ರಾತ್ರಿಯ ಅನ್ನ ನಡುಮನೆಯಲ್ಲಿ ಇಂಡಕ್ಷನ್ ಮೇಲೆ ಅಂತ ಹಂಚಿಕೊಂಡೆವು. ಆಯಿಯ ಮಣ್ಣಿನ ಗಡಿಗೆ ಇಂಡಕ್ಷನ್ ಮೇಲೆ ಬಿಸಿ ಆಗುವುದಿಲ್ಲ ಅಂತ ಒಪ್ಪಿಸುವುದರಲ್ಲಿ ಒಂದು ಸಂಜೆ ಹೋಯಿತು. "ಬಿಸಿ ಆಗೂದಿಲ್ಲ ಅಂದ್ರೆ ಅದು ಎಂತಾ ಒಲೆಯಾ?"

ಇಂಡಕ್ಷನ್ 2000 ವ್ಯಾಟ್‌ದು. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಎಂಟೂವರೆ ಆಂಪಿಯರ್ ಮೇಲೆ. 6 ಆಂಪ್ ಸಾಕೆಟ್‌ಗೆ ಹಾಕಿ ಪ್ಲಗ್ ಕರಗಿಸಿಕೊಂಡವರ ಫೋಟೊ ನಾವೆಲ್ಲ ನೋಡಿದ್ದೇವೆ. ಅದಕ್ಕೇ ಇಸ್ತ್ರಿಗೆ ಅಂತ ಇದ್ದ 16 ಆಂಪ್ ಪಾಯಿಂಟ್‌ಗೆ ಕೊಟ್ಟೆ. ಆದರೂ ಅನ್ನ ಕುದಿ ಬರುವ ಹೊತ್ತಿಗೆ ಟಪ್! ಬಿದ್ದದ್ದು ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಅಲ್ಲ, 30 ಮಿಲಿಆಂಪಿಯರ್ ಸೋರಿದರೂ ಬೀಳುವ ಆರ್‌ಸಿಸಿಬಿ. ಇಡೀ ಮನೆ ಕತ್ತಲೆ.

ಇಂಡಕ್ಷನ್‌ನಲ್ಲೇ ಲೀಕೇಜ್ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಅದನ್ನು ಅಣ್ಣನ ಮನೆಗೆ ಒಯ್ದೆ. ಅಲ್ಲಿ ಮಗುವಿನ ಹಾಗೆ ಸುಮ್ನೆ ಕೆಲಸ ಮಾಡಿತು. ಅವರ ಇಂಡಕ್ಷನ್ ತಂದು ನಮ್ಮಲ್ಲಿ ಇಟ್ಟೆ, ಟಪ್. ಇಸ್ತ್ರಿಪೆಟ್ಟಿಗೆ ಹಾಕಿದರೂ ಕೆಲವೊಮ್ಮೆ ಟಪ್. ಮಿಕ್ಸರ್, ಫ್ಯಾನ್, ಲೈಟ್ ಏನೇ ಹಾಕಿದರೂ ತಕರಾರಿಲ್ಲ.

ತಲೆ ಕೆಡಿಸಿದ್ದು ಹೊತ್ತಿನ ಲೆಕ್ಕ. ಮಧ್ಯಾಹ್ನ ಮೂರಕ್ಕೆ ಬೇಕಾದಷ್ಟು ನೀರು ಕುದಿಸಿ, ಏನೂ ಆಗುವುದಿಲ್ಲ. ಸಂಜೆ ಏಳಕ್ಕೆ ಕುಕ್ಕರ್ ಇಟ್ಟರೆ ಸೀಟಿ ಕೂಡ ಹೊಡೆಯುವುದಿಲ್ಲ. ಮಳೆ ಇನ್ನೂ ಬಂದಿಲ್ಲ, ಮಿರ್ಗಕ್ಕೆ (ಮೃಗಶಿರಾ ಮಳೆಗೆ) ದಿನ ಇದೆ, ಹಾಗಾಗಿ ನೀರು ಇಳಿದಿದೆ ಅನ್ನುವ ಹಾಗೂ ಇಲ್ಲ. ವೈರಿಂಗ್‌ನವರನ್ನು ಕರೆದೆ. ಅವರು ಡಿಬಿ (ಈ ಸ್ವಿಚ್‌ಗಳೆಲ್ಲ ಇರುವ ಪೆಟ್ಟಿಗೆ) ನೋಡಿ, "ಇದನ್ನು ತೆಗೆದು ಡೈರೆಕ್ಟ್ ಕೊಟ್ಟುಬಿಡುವ ಸಾರ್, ಎಲ್ಲರ ಮನೆಯಲ್ಲೂ ಹಾಗೇ ಮಾಡಿದ್ದೇವೆ" ಅಂದರು. ಎಲ್ಲರ ಮನೆಯಲ್ಲೂ! ಒದ್ದೆ ನೆಲ, ಬರಿಗಾಲು, ಸ್ಟೀಲ್ ಪಾತ್ರೆ ಇರುವ ಮನೆಯಲ್ಲಿ ಜೀವ ಉಳಿಸುವ ಒಂದೇ ಸಾಮಾನನ್ನು ಕಿತ್ತುಹಾಕುವುದಂತೆ. ಚಹಾ ಕೊಟ್ಟು ಕಳಿಸಿದೆ.

ಆರ್‌ಸಿಸಿಬಿಗೆ ಗೊತ್ತಿರುವುದು ಒಂದೇ ಲೆಕ್ಕ. ಫೇಸ್‌ನಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ? ಇಲ್ಲ ಅಂದರೆ ಬೀಳುತ್ತದೆ. ಫೇಸ್‌ನಿಂದ ಸೋರಿದರೂ ಅಷ್ಟೇ, ವಾಪಸ್ ಬರುವ ದಾರಿಯಲ್ಲಿ ನ್ಯೂಟ್ರಲ್‌ನಿಂದ ಸೋರಿದರೂ ಅಷ್ಟೇ. ಈ ಎರಡನೆಯದು ತಲೆಗೆ ಹೋದ ಮೇಲೆ ದಾರಿ ಕಂಡಿತು. ಮೀಟರ್ ಹಚ್ಚಿ ನ್ಯೂಟ್ರಲ್‌ಗೂ ಅರ್ತಿಂಗ್‌ಗೂ ನಡುವಿನ ವೋಲ್ಟೇಜ್ ನೋಡಿದೆ. ಲೋಡ್ ಇಲ್ಲದಾಗ 1 ವೋಲ್ಟ್ ಆಸುಪಾಸು. ಇಂಡಕ್ಷನ್ ಹಾಕಿದರೆ 5ರ ಹತ್ತಿರ. ಅಂದರೆ ಎಲ್ಲೋ ನ್ಯೂಟ್ರಲ್ ಅರ್ತಿಂಗ್‌ಗೆ ತಾಗಿದ್ದರೆ ಸಣ್ಣ ಲೋಡ್‌ಗೆ ಸೋರುವುದು ಅತ್ಯಲ್ಪ, ದೊಡ್ಡ ಲೋಡ್‌ಗೆ ಮಾತ್ರ ಟ್ರಿಪ್ ಆಗುವಷ್ಟು. ಇಂಡಕ್ಷನ್, ಇಸ್ತ್ರಿಗೆ ಮಾತ್ರ ಬೀಳುತ್ತಿದ್ದದ್ದು ಇದಕ್ಕೇ.

ಮೇನ್ ಇಳಿಸಿ, ಎಲ್ಲ ಪ್ಲಗ್ ಕಿತ್ತು, ಡಿಬಿಯ ನ್ಯೂಟ್ರಲ್ ಲಿಂಕ್‌ನಿಂದ, ಅಂದರೆ ಎಲ್ಲ ನ್ಯೂಟ್ರಲ್ ಬಂದು ಸೇರುವ ಪಟ್ಟಿಯಿಂದ, ಒಂದೊಂದೇ ಕಪ್ಪು ವೈರ್ ಬಿಡಿಸಿ ಅರ್ತಿಂಗ್‌ಗೆ ಅಳೆಯುತ್ತಾ ಬಂದೆ. (ಮೇನ್ ಇಳಿಸದೆ ಡಿಬಿ ಮುಚ್ಚಳ ತೆಗೆಯುವ ಶೂರರು ಇಲ್ಲಿಗೇ ಓದುವುದು ನಿಲ್ಲಿಸಿ.) ನಡುಮನೆ ಸರಿ. ಕೋಣೆಗಳು ಸರಿ. ಬಚ್ಚಲು, ನನಗೆ ಜಾಸ್ತಿ ಅನುಮಾನ ಇದ್ದದ್ದು ಅದರ ಮೇಲೇ, ಅದೂ ಸರಿ. ಕೊನೆಗೆ ಉಳಿದದ್ದು ಅಡುಗೆಮನೆ. ಸುಮಾರು 200 ಓಮ್, ಅಂದರೆ ಅರ್ತಿಂಗ್‌ಗೆ ತಾಗಿದೆ! ಗೆಳೆಯನ ಮೆಗ್ಗರ್ (ವೈರ್‌ನ ತೊಗಲು ಗಟ್ಟಿ ಇದೆಯಾ ಅಂತ ನೋಡುವ ಮೀಟರ್) ತಂದು 500 ವೋಲ್ಟ್‌ನಲ್ಲಿ ನೋಡಿದರೆ ಬೇರೆಲ್ಲ ಸರ್ಕ್ಯೂಟ್ 1 ಮೆಗಾಓಮ್‌ಗಿಂತ ಎಷ್ಟೋ ಮೇಲೆ, ಇದೊಂದರಲ್ಲಿ ಸೊನ್ನೆ.

ತಮಾಷೆ ಅಂದರೆ ಆ ಸರ್ಕ್ಯೂಟ್‌ನ ಎಂಸಿಬಿಯನ್ನು ಕೆಲಸ ಶುರುವಾದ ದಿನವೇ ಇಳಿಸಿ ಟೇಪ್ ಸುತ್ತಿಟ್ಟಿದ್ದೆವು. ಅಲ್ಲಿ ಒಂದು ಬಲ್ಬೂ ಇಲ್ಲ. ಆದರೆ ಸಿಂಗಲ್ ಪೋಲ್ ಎಂಸಿಬಿ ತುಂಡರಿಸುವುದು ಫೇಸ್ ಮಾತ್ರ. ನ್ಯೂಟ್ರಲ್ ಹಾಗೇ ಲಿಂಕ್‌ಗೆ ಅಂಟಿಕೊಂಡಿರುತ್ತದೆ. ಸತ್ತ ಅಡುಗೆಮನೆ ಗೋಡೆಯೊಳಗೆ ಕೂತು ನಡುಮನೆಯ ಅನ್ನ ನಿಲ್ಲಿಸುತ್ತಿತ್ತು.

ಜಾಗ ಹುಡುಕುವುದು ಆಮೇಲೆ ಕಷ್ಟ ಆಗಲಿಲ್ಲ. ಹಳೇ ಸಿಂಕ್ ಮೇಲಿನ ಕಬ್ಬಿಣದ ಸ್ವಿಚ್ ಬಾಕ್ಸ್. ಟಾರ್ಚ್ ಹಿಡಿದು ನೋಡಿದರೆ ಕಟರ್ ಬ್ಲೇಡ್ ಕಪ್ಪು ವೈರ್‌ನ ತೊಗಲನ್ನು ಉಗುರಿನಷ್ಟು ಸೀಳಿದೆ, ಒಳಗಿನ ತಾಮ್ರ ಹಸಿರು ಹಿಡಿದಿದೆ, ಅದರ ಸುತ್ತ ಒದ್ದೆ ಸಿಮೆಂಟ್ ಮೆತ್ತಿಕೊಂಡಿದೆ. ಬಾಕ್ಸ್‌ಗೆ ಅರ್ತಿಂಗ್ ಇದ್ದೇ ಇದೆ. ಹೊತ್ತಿನ ಲೆಕ್ಕವೂ ಅಲ್ಲೇ ಬಿಡಿಸಿಕೊಂಡಿತು. ಹೊಸ ಗಾರೆಗೆ ನೀರು ಹೊಡೆಯುವವರು ಬರುವುದು ಬೆಳಿಗ್ಗೆ ಮತ್ತು ಸಂಜೆ ಐದೂವರೆಗೆ. ಮಧ್ಯಾಹ್ನದ ಬಿಸಿಲಿಗೆ ಗೋಡೆ ಒಣಗಿ ಮೂರಕ್ಕೆ ಎಲ್ಲ ಸರಿ. ಏಳಕ್ಕೆ ಮತ್ತೆ ಒದ್ದೆ. ಬೆಳಿಗ್ಗೆಯ ನೀರಿನಿಂದ ತೊಂದರೆ ಕಾಣದೆ ಇದ್ದದ್ದು ಬೆಳಿಗ್ಗೆ ಅಡುಗೆಯೆಲ್ಲ ಗ್ಯಾಸಿನಲ್ಲಿ ಆಗುತ್ತಿದ್ದದ್ದಕ್ಕೆ.

ಆ ವೈರನ್ನು ಪೂರ್ತಿ ಎಳೆದು ತೆಗೆದು ಹೊಸದು ಹಾಕಬೇಕು. ಟೇಪ್ ಸುತ್ತಿ ಮುಚ್ಚುವ ಕೆಲಸ ಚಿರೆಕಲ್ಲಿನ ಗೋಡೆಯಲ್ಲಿ ನಡೆಯುವುದಿಲ್ಲ, ಮಳೆಗಾಲದಲ್ಲಿ ಆ ಕಲ್ಲು ಕುಡಿಯುವ ನೀರು ನಿಮಗೆ ಗೊತ್ತೇ ಇದೆ. ಅಲ್ಲಿಯವರೆಗೆ ನ್ಯೂಟ್ರಲ್ ಲಿಂಕ್‌ನಿಂದ ಹೊರಗೆ, ಟರ್ಮಿನಲ್ ಕ್ಯಾಪ್ ಹಾಕಿಕೊಂಡು ತೆಪ್ಪಗೆ ಕೂತಿದೆ.

ಇನ್ನು ಸಾಮಾನಿನ ಗೋಳು. ಗ್ರಾನೈಟ್ ಹುಬ್ಬಳ್ಳಿಯಿಂದ ಬರಬೇಕು. ಅಂಗಡಿಗೆ ಫೋನ್ ಮಾಡಿದಾಗಲೆಲ್ಲ ಲಾರಿ ಅರಬೈಲ್ ಘಟ್ಟದಲ್ಲಿ ಇರುತ್ತದೆ. ಇಷ್ಟು ದಿನ ಅಲ್ಲೇ ಇದ್ದ ಮೇಲೆ ಡ್ರೈವರ್‌ಗೆ ರೇಷನ್ ಕಾರ್ಡ್ ಆಗಿರಬೇಕು. ಡ್ರಾಯರ್ ಚಾನೆಲ್ ಇನ್ನೊಂದು ಕಥೆ. ಬೇಗ ತುಕ್ಕು ಹಿಡಿಯದ 304 ಸ್ಟೀಲ್ ಕೇಳಿದರೆ ಅಂಗಡಿಯವರು ಆಯಸ್ಕಾಂತ ಹಿಡಿದು ತೋರಿಸಿ, "ಅಂಟೂದಿಲ್ಲ ನೋಡಿ, ಒರಿಜಿನಲ್" ಅಂದರು. ಅಗ್ಗದ 202 ಕೂಡ ಅಂಟುವುದಿಲ್ಲ ಮಾರಾಯರೆ! ಕಡಲ ಗಾಳಿಗೆ ತುಕ್ಕು ಹಿಡಿದ ಮೇಲೇ ಗೊತ್ತಾಗುವುದು. ಬಿಲ್ಲಿನಲ್ಲಿ 304 ಅಂತ ಬರೆದುಕೊಡಿ ಅಂದೆ. ಪೆನ್ನು ಸಿಗಲಿಲ್ಲ ಅವರಿಗೆ.

ಈ ಗಲಾಟೆಯಲ್ಲಿ ಮುಂದಿನ ಕೆಲಸವೂ ಹುಟ್ಟಿಕೊಂಡಿದೆ. ಆಯಿಯ ಗಡಿಗೆಗೆ ಹಿತ್ತಲಿನಲ್ಲಿ ಅಸ್ತ್ರ ಒಲೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ರೂಪಿಸಿದ್ದು, ಮೂರು ಪಾತ್ರೆಯದು, ಕೆಳಗೆ ಜಾಲರಿ, ಹಿಂದೆ ಹೊಗೆ ಕೊಳವೆ. ಒಡೆದ ಹಳೇ ಗೋಡೆಯ ಚಿರೆಕಲ್ಲು ರಾಶಿ ಬಿದ್ದಿದೆ, ಪೀಠಕ್ಕೆ ಸಾಕು. ಗಡಿಗೆಯ ಬುಡಕ್ಕೆ ಸರಿಯಾಗಿ ಒಲೆಯ ಬಾಯಿ ಕೂರಿಸುವುದೇ ಅದರಲ್ಲಿ ಪಟ್ಟು, ಸಂದು ಬಿಟ್ಟರೆ ಹೊಗೆ ಕೊಳವೆ ಬಿಟ್ಟು ಕಣ್ಣಿಗೇ ಬರುತ್ತದೆ. ಅಳತೆಗೆ ಅಂತ ಗಡಿಗೆ ತೆಗೆದುಕೊಂಡು ಹೋದರೆ ಆಯಿ ಹಿಂದೆಯೇ ಬರುತ್ತಾಳೆ. ಮಿರ್ಗದ ಮೊದಲು ಮಾಡಿನ ತಗಡು ಏರಿಸಿದರೆ ಗೆದ್ದೆ. ಆದರೆ ಮನೆಯವಳ ಪ್ರಕಾರ ಮೊದಲು ಈ ಅಡುಗೆಮನೆಗೆ ಒಂದು ಬಾಗಿಲು ಬರಬೇಕು.

ಹೊಸ ಅಡುಗೆಮನೆಗೆ ಬೇರೆಯೇ ಎರಡು ಪೋಲ್‌ನ ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಒಂದೇ ಮಾಡುವಂಥದ್ದು) ಹಾಕುತ್ತೇನೆ. ಇಳಿಸಿದರೆ ಫೇಸ್, ನ್ಯೂಟ್ರಲ್ ಎರಡೂ ಬಿಡಬೇಕು, ಅಲ್ಲೇನಾದರೂ ಬಿದ್ದರೆ ಅಲ್ಲಿಗೇ ನಿಲ್ಲಬೇಕು. ಅಂಗಡಿಯವರು ಸೋಮವಾರ ಬರುತ್ತದೆ ಅಂದಿದ್ದಾರೆ. ಯಾವ ಸೋಮವಾರ ಅಂತ ಕೇಳಿದ್ದಕ್ಕೆ ಫೋನ್ ಕಟ್ಟಾಯಿತು.